ತೇಲುವ ಇಲಿಗೆ ಇಟ್ಟ ಹೆಸರು

ಸುಮಾಳ ತೋರುಬೆರಳಿನ ಪಟ್ಟಿ ನೋಡಿ ಮೇಷ್ಟ್ರು ನಕ್ಕರು. "ಇಲಿ ಕಚ್ಚಿತಾ? ಅದರ ಅಭಿಪ್ರಾಯ ಅದು ಹೇಳಿದೆ ಬಿಡು."

ಮೇಷ್ಟ್ರು ಮನಃಶಾಸ್ತ್ರ ಕಲಿಸಿ ನಿವೃತ್ತರಾದವರು. ಅವಳು ಬೆಂಗಳೂರಿನ ಲ್ಯಾಬೊಂದರಲ್ಲಿ ಸಂಶೋಧನೆಗೆ ಕೂತ ಹಳೆಯ ಶಿಷ್ಯೆ.

"ತಮಾಷೆ ಬೇಡಿ ಸರ್. ನಮ್ಮ ಬೆಂಗಳೂರಿನ ಜೀವವಿಜ್ಞಾನ ಕೇಂದ್ರ ಎನ್‌ಸಿಬಿಎಸ್‌ನ ಸುಮಂತ್ರ ಚಟರ್ಜಿ ತಂಡ 2002ರಲ್ಲಿ ತೋರಿಸಿದ್ದು ನೆನಪಿದೆಯಲ್ಲ? ದಿನಕ್ಕೆ 2 ಗಂಟೆಯಂತೆ 10 ದಿನ ಇಲಿಯನ್ನು ಅಲುಗಾಡದಂತೆ ಹಿಡಿದಿಟ್ಟರೆ, ನೆನಪಿನ ಹಿಪ್ಪೊಕ್ಯಾಂಪಸ್‌ನಲ್ಲಿ ನರಕೋಶಗಳ ಕವಲು ಸೊರಗುತ್ತದೆ, ಭಯದ ಅಮಿಗ್ಡಲಾದಲ್ಲಿ ಚಿಗುರುತ್ತದೆ. ಇದನ್ನು ಯಾವ ಮನುಷ್ಯನ ಮೇಲೆ ಮಾಡಿ ನೋಡೋಣ?"

"ಒಪ್ಪಿದೆ. ಕವಲು ಅಳೆಯಲು ಇಲಿಯೇ ಬೇಕು."

ಅಷ್ಟರಲ್ಲಿ ಕಾಂಪೌಂಡ್ ಮೇಲೆ ಕೋತಿಯೊಂದು ಬಂದು ಕೂತಿತು. ಮನಃಶಾಸ್ತ್ರಜ್ಞ ಹಾರ್ಲೋ ಪ್ರಯೋಗಕ್ಕೆಂದು ಮರಿಗಳನ್ನು ತಾಯಿಯಿಂದ ಬೇರೆ ಮಾಡಿದ್ದು ಇದೇ ಜಾತಿಯಲ್ಲಾ ಎಂದಳು ಸುಮಾ. ಅಲ್ಲ, ಇದರ ಉತ್ತರದ ದಾಯಾದಿ ರೀಸಸ್ ಎಂದು ಶುರುಮಾಡಿದ ಮೇಷ್ಟ್ರು, ಭಾರತ 1978ರಲ್ಲಿ ಅವುಗಳ ರಫ್ತು ನಿಲ್ಲಿಸಿದ ಕಥೆಗೆ ಹೊರಳಿದರು. ಕಾಫಿ ಆರಿತು.

"ಮಾತು ಎಲ್ಲಿಗೋ ಹೋಯಿತು ಸರ್."

"ಹ್ಞಾಂ. ನನ್ನ ತಕರಾರು ಇಲಿಯ ಮೇಲಲ್ಲ, ನಾವಿಡುವ ಹೆಸರಿನ ಮೇಲೆ. 1977ರಲ್ಲಿ ಪೋರ್ಸೋಲ್ಟ್ ನೀರು ತುಂಬಿದ ಜಾಡಿಗೆ ಇಲಿ ಬಿಟ್ಟ. ಗೋಡೆ ಹತ್ತಲಾಗದು. ಕೆಲಹೊತ್ತು ಕೈಕಾಲು ಬಡಿದ ಇಲಿ ಆಮೇಲೆ ಮೂಗಷ್ಟೇ ಮೇಲಿಟ್ಟು ಸುಮ್ಮನೆ ತೇಲಿತು. ಆ ತೇಲಾಟಕ್ಕೆ 'ಹತಾಶೆ' ಎಂದ. ಖಿನ್ನತೆಯ ಔಷಧಿ ಕೊಟ್ಟರೆ ತೇಲುವ ಹೊತ್ತು ಕಡಿಮೆಯಾಗುತ್ತದೆ, ನಿಜ. ಕೆಲಸ ಮಾಡುವ ಔಷಧಿ ಆರಿಸಲು ಅಷ್ಟು ಸಾಕು. ಆದರೆ ಈಜಿ ಫಲವಿಲ್ಲವೆಂದು ಶಕ್ತಿ ಉಳಿಸಿಕೊಂಡ ಇಲಿ ಜಾಣ ಇಲಿಯೂ ಆಗಬಹುದಲ್ಲ? ಇನ್ನು ರೋಸೆಂಥಾಲ್‌ನ 1963ರ ಪ್ರಯೋಗ ನೋಡು. ಒಂದೇ ಬಗೆಯ ಇಲಿಗಳನ್ನು ಕೆಲವು ವಿದ್ಯಾರ್ಥಿಗಳಿಗೆ 'ಚುರುಕು', ಉಳಿದವರಿಗೆ 'ದಡ್ಡ' ಎಂದು ಹೇಳಿ ಹಂಚಿದರು. ಚುರುಕು ಎನಿಸಿಕೊಂಡವೇ ದಾರಿ ಚೆನ್ನಾಗಿ ಕಲಿತವು! ಬೋನಿನ ಹೊರಗೆ ನಿಂತವನೂ ಪ್ರಯೋಗದೊಳಗೇ ಇದ್ದ."

"ಅದು ಸರಿಯೇ. ಸೆಲಿಗ್‌ಮನ್, ಮೈಯರ್ ಕೂಡ 1967ರಲ್ಲಿ ಶಾಕ್ ತಿಂದು ಸುಮ್ಮನಾದ ನಾಯಿಗಳನ್ನು ನೋಡಿ, ಅವು ಅಸಹಾಯಕತೆ ಕಲಿತಿವೆ ಎಂದಿದ್ದರು. 2016ರಲ್ಲಿ ತಾವೇ ತಿದ್ದಿಕೊಂಡರು: ಸುಮ್ಮನಾಗುವುದು ಕಲಿತದ್ದಲ್ಲ, ಮೊದಲೇ ಇರುವಂಥದ್ದು, ಕಲಿಯುವುದು ಪರಿಸ್ಥಿತಿಯ ಮೇಲಿನ ಹಿಡಿತವನ್ನು."

"ನೋಡಿದೆಯಾ! ಸುಮಾರು ಐವತ್ತು ವರ್ಷ ತಪ್ಪು ಹೆಸರು." ಗೆದ್ದೆನೆಂಬ ಖುಷಿ ಮೇಷ್ಟ್ರಿಗೆ ಯಾವಾಗಲೂ ಸ್ವಲ್ಪ ಬೇಗ ಬರುತ್ತದೆ.

"ಆ ತಿದ್ದುಪಡಿಗೆ ಆಧಾರ ಸಿಕ್ಕಿದ್ದು ಎಲ್ಲಿ ಗೊತ್ತಾ ಸರ್? ಮೈಯರ್ ಲ್ಯಾಬಿನ ಇಲಿಗಳ ಮಿದುಳಿನಲ್ಲಿ."