ಒಲವಿನ ಮೂಲ ಮತ್ತು ಹೆತ್ತವರ ಶಂಕೆ

ಶಾಗ್ಯದಂತಹ ಹಳ್ಳಿಯಲ್ಲಿ ಪ್ರಾಯಕ್ಕೆ ಬಂದ ಮಗನು ತನ್ನ ಒಲವು ಗಂಡಿನತ್ತಲೇ ಹರಿಯುವುದೆಂದು ಹೆತ್ತವರಲ್ಲಿ ಹೇಳಿಕೊಂಡನೆನ್ನಿ. "ನಾವು ಸಾಕಿದ್ದರಲ್ಲಿ ಏನು ತಪ್ಪಾಯಿತು?" ಎಂಬುದೇ ಅವರ ಮೊದಲ ಪ್ರಶ್ನೆಯಲ್ಲವೆ? ಹರಕೆ, ತಾಯತ, ಅವಸರದ ಮದುವೆ ಇವೆಲ್ಲ ಈ ಶಂಕೆಯಿಂದಲೇ ಹುಟ್ಟುವುವು.

ವಿಜ್ಞಾನವು ಈ ಶಂಕೆಯನ್ನು ಸಮರ್ಥಿಸುವುದಿಲ್ಲ. ಸುಮಾರು 4,77,000 ಜನರನ್ನು ಕುರಿತು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಲಿಂಗ ಸಂಬಂಧಕ್ಕೆ ಕಾರಣವಾದ ಒಂದೇ ವಂಶವಾಹಿ ದೊರೆಯಲಿಲ್ಲ. ಅಲ್ಪ ಪ್ರಭಾವವುಳ್ಳ ಅನೇಕ ವಂಶವಾಹಿಗಳಿರುವುದು ವಿದಿತವಾಯಿತು. ಅಣ್ಣಂದಿರು ಹೆಚ್ಚಿದಷ್ಟೂ ಕಿರಿಯವನಲ್ಲಿ ಈ ಒಲವಿನ ಸಂಭವ ತುಸು ಹೆಚ್ಚೆಂದು ಹಲವು ಸಂಶೋಧನೆಗಳು ಕಂಡಿವೆ. ಇದರ ಮೂಲವು ಗರ್ಭಾವಸ್ಥೆಯಲ್ಲಿದ್ದೀತೆಂದು ವಿಜ್ಞಾನಿಗಳ ಊಹೆ. ಸಾಕಿದ ರೀತಿಯೇ ಕಾರಣವೆಂಬುದಕ್ಕೆ ದೃಢವಾದ ಆಧಾರವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 1990ರಲ್ಲಿಯೇ ಇದನ್ನು ರೋಗಗಳ ಪಟ್ಟಿಯಿಂದ ಕೈಬಿಟ್ಟಿತು.

ಆದರೆ ಇನ್ನೊಂದು ಅಂಶವೂ ವಿಚಾರಾರ್ಹ. ಹೆಣ್ಣನ್ನು ಒಲಿದ ಮಗನಿಗೆ ನಾವು ಕಾರಣ ಕೇಳಿದ್ದುಂಟೆ? ನಾಳೆ ಯಾವ ಕಾರಣವೇ ಸಿದ್ಧವಾಗಲಿ, ಮಗನು ಮಗನೇ. ಬಲವಂತದ ಮದುವೆಯಿಂದ ಅವನ ಒಲವು ಬದಲಾಗದು. ಏನೂ ಅರಿಯದ ಹೆಣ್ಣುಮಗಳೊಬ್ಬಳ ಬಾಳೂ ಬೇಯುವುದು. ಕಾರಣವನ್ನು ಶೋಧಿಸುವ ಕಾರ್ಯ ವಿಜ್ಞಾನದ್ದು. ಅದು ತಿಳಿಯುವತನಕ ಮಮತೆಯನ್ನು ತಡೆಹಿಡಿಯುವುದು ಹೆತ್ತವರ ಧರ್ಮವಾಗಲಾರದು.