ಪಾರಾಯಣ: ಒಂದು ಜಿಜ್ಞಾಸೆ

ಶ್ರಾವಣ ಬಂದಿತೆಂದರೆ ಆದವಾನಿ, ಆಲೂರು, ಕೌತಾಳ, ಹೊಳಗುಂದ ಸೀಮೆಯ ಕನ್ನಡ ಮನೆಗಳಲ್ಲಿ ವಸ್ತ್ರದಲ್ಲಿ ಸುತ್ತಿಟ್ಟ ಗ್ರಂಥಗಳು ಹೊರಬರುತ್ತವೆ. ಮಾಧ್ವರ ಮನೆಗಳಲ್ಲಿ ಅದು ಹರಿಕಥಾಮೃತಸಾರ; ಮಠಗಳಲ್ಲಿ ಶರಣರ ಪುರಾಣ; ಕೆಲವು ಊರುಗಳ ಗುಡಿಕಟ್ಟೆಯ ಮೇಲೆ ಜೈಮಿನಿ ಭಾರತ. ವ್ಯಾಸಪೀಠದ ಮೇಲೆ ಪುಸ್ತಕವನ್ನಿಟ್ಟು ಒಬ್ಬರು ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ, ಕೊನೆಗೆ ಮಂಗಳವಾಗಿ ಪ್ರಸಾದ ಹಂಚಲ್ಪಡುತ್ತದೆ. ಈ ಕ್ರಮವು ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ದೇವರ ಮುಂದೆ ಕುಳಿತು ಪುಸ್ತಕವನ್ನು ಗಟ್ಟಿಯಾಗಿ ಓದುವುದೇತಕ್ಕೆ ಎಂದು ನಾವು ಯಾರೂ ಕೇಳಿಕೊಂಡಿಲ್ಲ. ದೇವರಿಗೆ ಅದು ಮೊದಲೇ ಗೊತ್ತು. ಮನೆಯವರಲ್ಲಿ ಅನೇಕರಿಗೆ ಬಾಯಿಪಾಠವಿದೆ. ಹಾಗಾದರೆ ಓದು ಯಾರಿಗಾಗಿ?

ಗಡಿನಾಡಿನ ನಮಗೆ ಈ ಪ್ರಶ್ನೆಗೆ ಒಂದು ಸಿದ್ಧ ಉತ್ತರವಿದೆ, ಅದನ್ನು ಹೇಳಿಕೊಳ್ಳಲು ಸ್ವಲ್ಪ ಸಂಕೋಚವೂ ಇದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ರಚಿತವಾದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ರಾಜ್ಯಕ್ಕೆ ಸೇರಿದವು. ಮೊದಲಿನ ಎರಡು ಕರ್ನೂಲು ಜಿಲ್ಲೆಗೆ ಬಂದವು. ಗಡಿಯಂಚಿನ ಕೆಲವು ಊರುಗಳಲ್ಲಿ ಕನ್ನಡ ಶಾಲೆಗಳು ಉಳಿದಿವೆಯಾದರೂ ಪಟ್ಟಣದ ಮಕ್ಕಳ ವಿದ್ಯಾಭ್ಯಾಸವು ಬಹುಪಾಲು ತೆಲುಗಿನಲ್ಲಿ, ಈಗೀಗ ಇಂಗ್ಲಿಷಿನಲ್ಲಿ. ಕಚೇರಿಯ ಅರ್ಜಿ, ಅಂಗಡಿಯ ಫಲಕ, ಹತ್ತಿಯ ಮಂಡಿಯ ಚೀಟಿ, ಯಾವುದೂ ಕನ್ನಡದಲ್ಲಿಲ್ಲ. ಅಚ್ಚಾದ ಕನ್ನಡವನ್ನು ನಾಲ್ಕು ಜನರೆದುರು ದನಿಯೆತ್ತಿ ಓದುವ ಸ್ಥಳವೆಂದರೆ ಪಾರಾಯಣವೊಂದೇ ಎಂಬಂತಾಯಿತು. ಆದುದರಿಂದ ನಾವು ಪಾರಾಯಣವನ್ನು ಪೂಜೆಯೆಂದು ಕರೆಯುತ್ತ ಅದನ್ನು ಶಾಲೆಯಾಗಿಯೂ ನಡೆಸತೊಡಗಿದೆವು. ಪೂಜೆಯನ್ನು ಬೇರೊಂದು ಕಾರ್ಯಕ್ಕೆ, ಅದು ಭಾಷೆಯ ರಕ್ಷಣೆಯಂಥ ಒಳ್ಳೆಯ ಕಾರ್ಯವೇ ಆಗಿರಲಿ, ಬಳಸಿಕೊಳ್ಳುವುದು ಸರಿಯೇ? ಈ ಲೇಖನದ ಜಿಜ್ಞಾಸೆ ಅದು.

ಇದು ನಮ್ಮ ಮನಸ್ಸಿಗೆ ನಾಟಿದ್ದು ನಮ್ಮದೇ ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ಒಂದು ಮನೆಯ ಪಾರಾಯಣದಲ್ಲಿ ಹದಿಮೂರು ಹದಿನಾಲ್ಕು ವರ್ಷದ ಹುಡುಗನೊಬ್ಬನಿಗೆ ಕರುಣಾಸಂಧಿಯನ್ನು ಓದಲು ಕೊಟ್ಟೆವು. ಅವನಿಗೆ ಕನ್ನಡ ಲಿಪಿ ಬಾರದು; ತಾಯಿ ಹೇಳಿಕೊಟ್ಟದ್ದನ್ನು ನೋಟುಪುಸ್ತಕದಲ್ಲಿ ತೆಲುಗು ಅಕ್ಷರಗಳಲ್ಲಿ ಬರೆದುಕೊಂಡು ಬಂದಿದ್ದ. ಭಾಮಿನಿ ಷಟ್ಪದಿಯಲ್ಲಿ ಪದವು ಸಾಲಿನ ಕೊನೆಗೆ ಮುಗಿಯದೆ ಮುಂದಿನ ಸಾಲಿಗೆ ದಾಟುವುದುಂಟು. ಹುಡುಗನು ಸಾಲು ಮುಗಿದಲ್ಲೆಲ್ಲ ನಿಲ್ಲಿಸಿ ಪದಗಳನ್ನು ಒಡೆದ. ಅರ್ಥ ಕೆಡುತ್ತಿತ್ತು, ನಿಜ. ನಾವು, ಹಿರಿಯರೆನಿಸಿಕೊಂಡವರು, ಒಬ್ಬರಾದ ಮೇಲೆ ಒಬ್ಬರು ತಿದ್ದಿದೆವು. ಮೂರನೆಯ ಪದ್ಯಕ್ಕೆ ಅವನ ದನಿ ಉಡುಗಿತು, ಐದನೆಯದಕ್ಕೆ ಪುಸ್ತಕವನ್ನು ಮಡಿಚಿ ತಾಯಿಯ ಕೈಗಿತ್ತು ಎದ್ದು ಹೋದ. ಅವನು ಮತ್ತೆ ಬರಲಿಲ್ಲ. ಆ ಸಂಧಿಯ ಹೆಸರೇ ಕರುಣಾಸಂಧಿ. ಅದು ಆರಂಭವಾಗುವುದೇ ಹರಿಕಥೆಯನ್ನು ಕೇಳುವುದರ ಫಲವನ್ನು ವರ್ಣಿಸುವುದರಿಂದ. ಆ ದಿನ ಅಲ್ಲಿ ಕುಳಿತಿದ್ದ ನಾವು ಯಾರೂ ಕೇಳುತ್ತಿರಲಿಲ್ಲ, ತಪ್ಪು ಹಿಡಿಯುತ್ತಿದ್ದೆವು. ಎರಡಕ್ಕೂ ಕಿವಿಯೇ ಬೇಕಾದುದರಿಂದ ಭೇದವು ನಮಗೆ ಬೇಗ ತಿಳಿಯಲಿಲ್ಲ.

ಇದೇ ಪ್ರಶ್ನೆಯು ದೂರದ ಇನ್ನೊಂದು ಸಮುದಾಯದಲ್ಲಿ ಬೇರೆ ರೂಪದಲ್ಲಿ ಎದ್ದಿರುವುದು ನಮಗೆ ನೆನಪಾಗುತ್ತದೆ. ಗಾಂಧೀಜಿಯವರ ಇಂಗ್ಲಿಷ್ ಮಿತ್ರರಲ್ಲಿ ಹೊರೇಸ್ ಅಲೆಕ್ಸಾಂಡರ್, ಅಗಾಥಾ ಹ್ಯಾರಿಸನ್ ಮೊದಲಾದವರು ಕ್ವೇಕರ್ ಪಂಥದವರು. ಈ ಪಂಥದ ಮೂಲ ಪದ್ಧತಿಯ ಉಪಾಸನೆಯಲ್ಲಿ ಪುರೋಹಿತರಿಲ್ಲ, ಗೊತ್ತುಪಡಿಸಿದ ಪಾಠವಿಲ್ಲ, ಹಾಡಿಲ್ಲ. ಎಲ್ಲರೂ ಮೌನವಾಗಿ ಕುಳಿತಿರುತ್ತಾರೆ. ಒಳಗಿನ ಪ್ರೇರಣೆಯಾದವರು, ಗಂಡಸಾಗಲಿ ಹೆಂಗಸಾಗಲಿ, ಎದ್ದು ನಾಲ್ಕು ಮಾತನಾಡಿ ಮತ್ತೆ ಕುಳಿತುಕೊಳ್ಳಬಹುದು. ಒಂದು ಗಂಟೆ ಯಾರೂ ಏಳದಿದ್ದರೆ ಅದೂ ಪೂರ್ಣ ಉಪಾಸನೆಯೇ. ಇಂಥ ಸಭೆಯಲ್ಲಿ ಒಬ್ಬನು ಎದ್ದು ಬೈಬಲ್ ತೆರೆದು ಓದಿದರೆ ಅದು ಪ್ರೇರಣೆಯೋ, ಅಥವಾ ಮನೆಯಿಂದಲೇ ಕಟ್ಟಿಕೊಂಡು ಬಂದ ಬುತ್ತಿಯೋ? ಮಾತನಾಡಲೇಬೇಕೆಂದಾಗಲಿ ಆಡಲೇಬಾರದೆಂದಾಗಲಿ ಮೊದಲೇ ನಿಶ್ಚಯಿಸಿ ಬರಬಾರದೆಂಬುದು ಅವರಲ್ಲಿ ನಡೆದುಬಂದ ಬುದ್ಧಿವಾದ. ಓದುವುದಕ್ಕೂ ಅದನ್ನೇ ಅನ್ವಯಿಸುತ್ತಾರೆ. ಓದು ನಿಷಿದ್ಧವಲ್ಲ, ಆದರೆ ಮೌನವನ್ನು ಮುರಿಯುವ ಹೊಣೆ ಓದುವವನದು.

ಇದರ ಬೇರು 1652ರಲ್ಲಿದೆ. ಜಾರ್ಜ್ ಫಾಕ್ಸ್ ಎಂಬಾತನು ಇಂಗ್ಲೆಂಡಿನ ಉಲ್ವರ್‌ಸ್ಟನ್ ಎಂಬ ಊರಿನ ಚರ್ಚಿನಲ್ಲಿ ನಿಂತು, ಪ್ರವಾದಿಗಳು ನುಡಿದದ್ದನ್ನು ನೀವು ಹೇಳುತ್ತೀರಿ, ನಿಮ್ಮ ಸ್ವಂತದ ಅರಿವಿನಿಂದ ಹೇಳುವುದೇನಿದೆ ಎಂಬರ್ಥದಲ್ಲಿ ಕೇಳಿದ. ಕೇಳುತ್ತಿದ್ದ ಮಾರ್ಗರೆಟ್ ಫೆಲ್ ಎಂಬ ಗೃಹಿಣಿ, ತಾವೆಲ್ಲ ಶಾಸ್ತ್ರವನ್ನು ಮಾತಿನಲ್ಲಿ ಮಾತ್ರ ಎತ್ತಿಕೊಂಡ ಕಳ್ಳರೆಂದು ಅತ್ತಳಂತೆ. ಅದಾದ ಹತ್ತೊಂಬತ್ತು ವರ್ಷಗಳಿಗೆ, 1671ರಲ್ಲಿ, ಇತ್ತ ತುಂಗಭದ್ರೆಯ ದಡದ ಮಂತ್ರಾಲಯದಲ್ಲಿ ರಾಘವೇಂದ್ರ ಸ್ವಾಮಿಗಳು ವೃಂದಾವನ ಪ್ರವೇಶ ಮಾಡಿದರು. ಶಾಸ್ತ್ರಗಳಿಗೆ ವ್ಯಾಖ್ಯಾನ ಬರೆಯುವುದೇ ಜೀವಿತವಾಗಿದ್ದ ಮಹನೀಯರು ಅವರು. ಒಂದೇ ಶತಮಾನದಲ್ಲಿ ಒಂದೆಡೆ ಪುಸ್ತಕವನ್ನು ಕೆಳಗಿಡಿರೆಂಬ ಕರೆ, ಇನ್ನೊಂದೆಡೆ ಪುಸ್ತಕವನ್ನು ಬಿಡಿಸಿ ತಿಳಿಸುವ ತಪಸ್ಸು. ಇವನ್ನು ತಕ್ಕಡಿಯಲ್ಲಿಟ್ಟು ತೂಗುವುದು ನಮ್ಮ ಉದ್ದೇಶವಲ್ಲ.

ಏಕೆಂದರೆ ಫಾಕ್ಸನ ಪ್ರಶ್ನೆ ಕನ್ನಡಿಗರಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರು ಓದಿನ ಹಮ್ಮನ್ನು ಅದಕ್ಕಿಂತ ಕಟುವಾಗಿ ಪ್ರಶ್ನಿಸಿದ್ದರು. ಅನುಭಾವವಿಲ್ಲದ ಮಾತನ್ನು ಅವರು ಒಪ್ಪಲಿಲ್ಲ. ಆದರೆ ಆ ಅನುಭಾವದ ಮಾತುಗಳೇ ಮುಂದೆ ಓಲೆಗರಿಯ ಕಟ್ಟುಗಳಾದವು. ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದ ಮೇಲೆ ಪುಸ್ತಕವಾಗಿ ಮನೆಮನೆಗೆ ಬಂದವು. ಈಗ ಅವನ್ನೂ ನಾವು ಸಭೆಯ ಆರಂಭದಲ್ಲಿ ನಿಂತು ಓದುತ್ತೇವೆ, ಕೆಲವೊಮ್ಮೆ ಮುಂದಿನ ಭಾಷಣಕಾರರು ಬರುವವರೆಗೆ ಹೊತ್ತು ತುಂಬಿಸಲು. ಶಾಸ್ತ್ರವನ್ನು ಒಲ್ಲದವರ ನುಡಿಯೂ ಶಾಸ್ತ್ರವಾಗುವುದನ್ನು ಯಾವ ಸಮುದಾಯವೂ ತಪ್ಪಿಸಿಕೊಂಡಂತಿಲ್ಲ. ಕ್ವೇಕರರಲ್ಲಿಯೂ ಹಳೆಯ ಬುದ್ಧಿವಾದಗಳ ಪುಸ್ತಕವೊಂದು ಬೆಳೆದು ಉಪಾಸನೆಯ ಕೋಣೆಯ ನಡುಮೇಜಿನ ಮೇಲೆ ಬೈಬಲಿನ ಪಕ್ಕ ಕುಳಿತಿದೆ; ಆಫ್ರಿಕದ ಕೀನ್ಯದಲ್ಲಿ, ಅವರ ಸಂಖ್ಯೆ ಅತ್ಯಧಿಕವಾಗಿರುವಲ್ಲಿ, ಪಾದ್ರಿಯೂ ಪಾಠವೂ ಹಾಡೂ ಇವೆ.

ದಾಸಪರಂಪರೆಯ ಕಥೆ ಇನ್ನೂ ಹತ್ತಿರದ್ದು. ಮಾನವಿಯ ಜಗನ್ನಾಥದಾಸರು ಮೊದಲು ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡುವ ವಿಜಯದಾಸರನ್ನು ಅವರು ಹಗುರವಾಗಿ ಕಂಡರೆಂದೂ, ಬೇನೆಯಿಂದ ನರಳಿ ಗೋಪಾಲದಾಸರ ಕೃಪೆಯಿಂದ ಗುಣಹೊಂದಿ ತಾವೇ ದಾಸರಾದರೆಂದೂ ಸಂಪ್ರದಾಯ ಹೇಳುತ್ತದೆ. ಆಲೂರಿನ ಕಡೆಯ ಚಿಪ್ಪಗಿರಿಯಲ್ಲಿ ವಿಜಯದಾಸರ ಕಟ್ಟೆಯಿದೆ. 1755ರ ಕಾರ್ತಿಕ ಶುದ್ಧ ದಶಮಿಯಂದು ಅವರು ಅಲ್ಲಿ ದೇಹವಿಟ್ಟರು. ಇಂದು ನಾವು ಶುದ್ಧಪಾಠಕ್ಕಾಗಿ ಹೋರಾಡುವ ಹರಿಕಥಾಮೃತಸಾರವು, ಪಾಂಡಿತ್ಯದ ಬಿಗುಮಾನವನ್ನು ಇಳಿಸಿದವರ ಕೃತಿ ಎಂಬುದನ್ನು ಆ ಹುಡುಗನನ್ನು ತಿದ್ದುವಾಗ ನಾವು ಮರೆತಿದ್ದೆವು.

ಇಷ್ಟಾದರೂ, ಸ್ವಂತದ ಮಾತೇ ಸಾಚಾ, ಓದಿದ ಮಾತು ಎರವಲಿನದು ಎಂಬ ವಾದವನ್ನು ನಾವು ಪೂರ್ತಿಯಾಗಿ ಒಪ್ಪಲಾರೆವು. ಸಾವಾದ ಮನೆಯಲ್ಲಿ ಮಾತು ಹೊರಡುವುದಿಲ್ಲ. ಆಗ ಗರುಡಪುರಾಣವನ್ನೋ ಗೀತೆಯನ್ನೋ ಯಾರೋ ಓದುತ್ತಾರೆ, ಓದು ನಡೆದಿದೆಯೆಂಬುದೇ ಮನೆಗೆ ಆಧಾರ. ಒಳಗಿನ ಪ್ರೇರಣೆಯಿಂದ ಎದ್ದೆನೆನ್ನುವವನನ್ನು ಎಬ್ಬಿಸಿದ್ದು ದೇವರೋ, ಮಾತನಾಡುವ ಚಟವೋ ಎಂದು ನಿರ್ಣಯಿಸುವವರು ಯಾರು? (ನಮ್ಮ ಸಾಹಿತ್ಯ ಸಭೆಗಳಲ್ಲಿ ‘ಎರಡೇ ಮಾತು’ ಎಂದು ಎದ್ದವರನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.) ಪುಟದ ಮೇಲೆ ಕಣ್ಣಿಟ್ಟು ಓದುವವನಿಗೆ ಆ ಸ್ವಾತಂತ್ರ್ಯವಿಲ್ಲ. ತನಗೆ ಒಪ್ಪಿಗೆಯಾಗದ ಸಾಲನ್ನೂ ಅವನು ತನ್ನ ದನಿಯಿಂದಲೇ ಹೇಳಬೇಕು. ಆ ಕಟ್ಟುಪಾಡಿನಲ್ಲಿ ಒಂದು ವಿನಯವಿದೆ.

ಆದರೆ ಓದಿಗೆ ಕೇಳುವವರ ಸಮ್ಮತಿಯೂ ಬೇಕು. 1947ರ ಏಪ್ರಿಲ್‌ನಲ್ಲಿ ದೆಹಲಿಯ ಪ್ರಾರ್ಥನಾಸಭೆಯಲ್ಲಿ ಖುರಾನಿನ ಪಠಣಕ್ಕೆ ಆಕ್ಷೇಪ ಬಂದಾಗ ಗಾಂಧೀಜಿಯವರು ಆ ಭಾಗವನ್ನು ಮಾತ್ರ ಬಿಟ್ಟು ಉಳಿದುದನ್ನು ನಡೆಸಲು ಒಪ್ಪಲಿಲ್ಲ. ಆಕ್ಷೇಪಿಸಿದವರನ್ನು ಬಲದಿಂದ ಹೊರಹಾಕಿ ಓದಿಸಲೂ ಇಲ್ಲ. ಪ್ರಾರ್ಥನೆಯನ್ನೇ ನಿಲ್ಲಿಸಿದರು. ನಮ್ಮ ಪಾರಾಯಣದ ವಿಷಯವು ಅಷ್ಟು ಘನವಾದದ್ದಲ್ಲವಾದರೂ ಅದೇ ನ್ಯಾಯ ಇಲ್ಲಿಗೂ ಸಲ್ಲುತ್ತದೆ. ತೆಲುಗು ಮನೆಯಿಂದ ಬಂದ ಸೊಸೆ, ಕನ್ನಡ ತಿಳಿದರೂ ಹಳೆಯ ಪದಗಳು ತಿಳಿಯದ ಮಕ್ಕಳು, ಇವರು ಎರಡು ಗಂಟೆಗಳ ಕಾಲ ಸುಮ್ಮನೆ ಕುಳಿತಿರುವುದನ್ನು ನಾವು ಭಕ್ತಿಯೆಂದು ಎಣಿಸಿದೆವು. ಅವರನ್ನು ಕೇಳಿದವರಿಲ್ಲ. ಅರ್ಥವನ್ನು ತೆಲುಗಿನಲ್ಲಿ ಹೇಳೋಣವೆಂಬ ಸಲಹೆ ಬಂದಾಗ ನಮ್ಮಲ್ಲಿ ಕೆಲವರು ಕನ್ನಡದ ಕೊನೆಯ ಕೋಟೆಯೇ ಬಿದ್ದಂತೆ ವಾದಿಸಿದರು. ವಾದಿಸಿದವರಲ್ಲಿ ನಾವೂ ಇದ್ದೆವು.

ಕಳೆದ ವರ್ಷ ಅಕ್ಷರ ಬಾರದ ಅಜ್ಜಿಯೊಬ್ಬರು ಈ ವಾದವನ್ನೆಲ್ಲ ಬೇರೆ ಕಡೆಗೆ ತಿರುಗಿಸಿದರು. ಪದ್ಯ ಮುಗಿದೊಡನೆ ಅರ್ಥ ಹೇಳಲು ಬಾಯಿ ತೆರೆದವರನ್ನು ತಡೆದು, “ಇಷ್ಟು ಸುಮ್ಕಿರ್ರಿ, ಅದು ಒಳಗ ಹೋಗ್ಲಿ” ಎಂದರು. ನಗು ಬಂದರೂ ಎಲ್ಲರೂ ಸುಮ್ಮನಾದೆವು. ಆ ನಾಲ್ಕಾರು ಉಸಿರುಗಳ ಹೊತ್ತಿನಲ್ಲಿ ಕನ್ನಡ ಬಲ್ಲವರು, ಬಾರದವರು ಎಂಬ ಭೇದವಿರಲಿಲ್ಲ. ಎಲ್ಲರೂ ಒಂದೇ ದನಿಯ ಹಿಂದೆ ಕುಳಿತಿದ್ದೆವು. ಕ್ವೇಕರರು ಮೌನದಿಂದ ಆರಂಭಿಸಿ ಓದಿಗೆ ಬರುತ್ತಾರೆ. ನಾವು ಓದಿನಿಂದ ಆರಂಭಿಸಿ, ಅಜ್ಜಿಯ ದಯದಿಂದ, ಮೌನಕ್ಕೆ ಬಂದೆವು. ಅಂದಿನಿಂದ ಆ ಮನೆಯಲ್ಲಿ ಪ್ರತಿ ಪದ್ಯದ ನಂತರ ಸ್ವಲ್ಪ ನಿಲ್ಲುತ್ತಾರೆ. ತಿದ್ದುವುದಿದ್ದರೆ ಮಂಗಳವಾದ ಮೇಲೆ, ಓದಿದವರನ್ನು ಪಕ್ಕಕ್ಕೆ ಕರೆದು. ಒಂದು ರಾತ್ರಿಗೆ ಆಗುವ ಪದ್ಯಗಳು ಕಡಿಮೆಯಾಗಿವೆ, ಸಮಾಪ್ತಿಯ ದಿನವೂ ಮುಂದಕ್ಕೆ ಹೋಗಿದೆ. ಇದರ ಬಗ್ಗೆ ಗೊಣಗುವವರು ಇದ್ದಾರೆ.

ತೆಲುಗು ಅಕ್ಷರಗಳಲ್ಲಿ ಪಾರಾಯಣದ ಪ್ರತಿಯನ್ನು ಸಿದ್ಧಪಡಿಸಬೇಕೇ ಎಂಬುದು ನಮ್ಮಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಲಿಪಿ ಹೋದರೆ ಭಾಷೆ ಹೋಯಿತೆನ್ನುವವರ ಭಯವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆ ಹುಡುಗ, ಈಗ ತರುಣ, ಹೈದರಾಬಾದಿನಲ್ಲಿ ಕೆಲಸದಲ್ಲಿದ್ದಾನೆ. ಅವನ ನೋಟುಪುಸ್ತಕವು ದೇವರ ಗೂಡಿನಲ್ಲಿ ಗ್ರಂಥದ ಜೊತೆಗೆ ಅದೇ ವಸ್ತ್ರದಲ್ಲಿದೆಯೆಂದು ತಾಯಿ ಹೇಳಿದರು. ಕಾರ್ತಿಕದಲ್ಲಿ ಚಿಪ್ಪಗಿರಿಯ ಆರಾಧನೆಗೆ ಹೋಗುವ ಮುನ್ನ ಅವನು ಊರಿಗೆ ಬಂದಿದ್ದರೆ ಮನೆಗೆ ಹೋಗಿ ಕರೆಯಬೇಕೆಂದಿದ್ದೇವೆ. ಓದಲೇಬೇಕೆಂದು ಹೇಳುವುದಿಲ್ಲ, ಬಂದು ನಮ್ಮೊಡನೆ ಕುಳಿತರೆ ಸಾಕು.