ಅಯ್ಯೋ ಎನ್ನದ ಅಮ್ಮ

ನನ್ನ ಅಮ್ಮ ತೀರಿಕೊಂಡದ್ದು 2004ರಲ್ಲಿ. ಹದಿಮೂರನೆಯ ದಿನದ ಊಟ ಮುಗಿಸಿ, ಜಗಲಿಯ ಮೇಲೆ ಎಲೆಅಡಿಕೆ ಹಾಕುತ್ತ ಕೂತ ನೆಂಟರೆಲ್ಲ ಅವಳ ಗುಣಗಾನ ಮಾಡಿದರು. "ಎಂಥ ಸಹನೆ ಅಂತೀರಿ! ಕೈಬೆರಳೆಲ್ಲ ಶುಂಠಿ ಬೇರಿನ ಹಾಗೆ ಸೊಟ್ಟಗಾಗಿತ್ತು. ಆದರೂ ಒಂದು ದಿನ ಅಯ್ಯೋ ಅಂದವಳಲ್ಲ" ಎಂದರು ದೊಡ್ಡಮ್ಮ. "ಕೊನೆಯವರೆಗೂ ಬೆಳಗಿನ ಜಾವ ನಾಲ್ಕಕ್ಕೇ ಏಳ್ತಿದ್ದಳು. ಅಂಥ ಶಿಸ್ತು ಈಗ ಯಾರಿಗಿದೆ?" ಎಂದರು ಚಿಕ್ಕಪ್ಪ. ಕೇಳಿ ನನಗೆ ಕಣ್ಣು ತುಂಬಿ ಬಂತು, ಹೆಮ್ಮೆಯೂ ಆಯಿತು. ಅಂಥ ತಾಯಿಯ ಮಗಳು ನಾನು ಎಂದುಕೊಂಡೆ. ಆ ಹೆಮ್ಮೆಗೆ ಮುಂದೆ ನಾನು ಬೆಲೆ ತೆರಬೇಕಾಯಿತು.

2011ರ ಮಳೆಗಾಲ. ಸಾಗರದ ಮಳೆ ನಿಮಗೆ ಗೊತ್ತೇ ಇದೆ. ಹಿಡಿದರೆ ಒಲೆಯ ಮುಂದೆಯೂ ಬಟ್ಟೆ ಒಣಗುವುದಿಲ್ಲ. ನನಗಾಗ 46 ವರ್ಷ, ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ಒಂದು ಬೆಳಿಗ್ಗೆ ಹೊಸ್ತಿಲಿಗೆ ರಂಗೋಲಿ ಎಳೆಯಲು ಕೂತರೆ ಹೆಬ್ಬೆರಳು ತೋರುಬೆರಳುಗಳ ನಡುವೆ ಪುಡಿ ನಿಲ್ಲಲೊಲ್ಲದು. ಎಳೆ ತುಂಡುತುಂಡಾಯಿತು. ಶೀತಕ್ಕೆ ಬೆರಳು ಮರಗಟ್ಟಿದೆ ಎಂದುಕೊಂಡೆ. ಮಳೆಗಾಲ ಮುಗಿಯಿತು, ಬೆರಳು ಬಿಡಲಿಲ್ಲ. ಎರಡೂ ಕೈಯ ಗೆಣ್ಣುಗಳು ಊದಿಕೊಂಡವು. ರವಿಕೆಯ ಹುಕ್ಕು ಹಾಕುವುದು, ಕುಕ್ಕರಿನ ಮುಚ್ಚಳ ತೆಗೆಯುವುದು, ನಲ್ಲಿ ತಿರುಗಿಸುವುದು ಒಂದೊಂದೂ ಒಂದೊಂದು ಕೆಲಸವಾಯಿತು.

ನಾನು ಯಾರಿಗೂ ಹೇಳಲಿಲ್ಲ. ಚಪಾತಿ ಮಾಡಬೇಕಾದ ದಿನ ದೋಸೆ ಹೊಯ್ದೆ. 'ನಿಮ್ಮ ಅಕ್ಷರ ದುಂಡಗಾಗಲಿ' ಎಂಬ ನೆಪ ಹೇಳಿ ಬೋರ್ಡಿನ ಮೇಲೆ ಮಕ್ಕಳ ಕೈಯಲ್ಲೇ ಬರೆಸಿದೆ. ಬಳೆ ತೆಗೆದು ಹಾಕಲಾಗದೆ ಒಂದೇ ಜೊತೆಯಲ್ಲಿ ತಿಂಗಳುಗಟ್ಟಲೆ ಇದ್ದೆ. ಇವರು ಒಮ್ಮೆ, "ಕೈ ಏನಾಗಿದೆ?" ಎಂದು ಕೇಳಿದರು. "ಏನಿಲ್ಲ, ಸ್ವಲ್ಪ ವಾಯು" ಎಂದೆ. ಅವರು ನಂಬಿದರು. ನಂಬಿದರಲ್ಲ ಎಂದು ಒಳಗೊಳಗೇ ಅವರ ಮೇಲೆ ಸಿಟ್ಟಾದೆ. ನೋಡಿ, ನಮ್ಮ ಸಹನೆ ಎಷ್ಟು ವಿಚಿತ್ರ!

ತಡೆಯಲಾರದೆ ಕೊನೆಗೆ ವೈದ್ಯರಲ್ಲಿಗೆ ಹೋದೆ. ಮೊದಲನೆಯವರು ಮುಖವೆತ್ತದೆ, "ಮುಟ್ಟು ನಿಲ್ಲುವ ವಯಸ್ಸಲ್ವಾ, ಇದೆಲ್ಲ ಇದ್ದದ್ದೇ" ಎಂದು ನೋವಿನ ಮಾತ್ರೆ ಬರೆದರು. ಅದನ್ನು ನುಂಗಿ ನುಂಗಿ ಹೊಟ್ಟೆಯಲ್ಲಿ ಉರಿ ಶುರುವಾಯಿತು. ಎರಡನೆಯವರು ರಕ್ತ ಪರೀಕ್ಷೆ ಮಾಡಿಸಿ, "ವಾತದ ಅಂಶ ಇಲ್ಲ. ನೀವು ಮನಸ್ಸಿಗೆ ಹಚ್ಚಿಕೊಳ್ತೀರಿ" ಎಂದರು. ಮೂರನೆಯದಾಗಿ, ಯಾರೋ ಹೇಳಿದರೆಂದು ದೂರದ ಊರಿನಿಂದ ಪುಡಿಯ ಪೊಟ್ಟಣ ತರಿಸಿದೆ. ಅದೊಂದು ಪವಾಡ! ವಾರದಲ್ಲಿ ಬೆರಳು ಮಡಚಿತು, ಹಸಿವು ಹೆಚ್ಚಿತು, ರಂಗೋಲಿ ಎಳೆ ನೆಟ್ಟಗಾಯಿತು. ನಾಲ್ಕು ತಿಂಗಳಲ್ಲಿ ಮುಖ ಚಂದ್ರನ ಹಾಗೆ ಗುಂಡಗಾಯಿತು, ರಕ್ತದ ಸಕ್ಕರೆ ಏರಿತು. ಆ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸಿದ್ದಿರಬೇಕು ಎಂದು ಆಮೇಲೆ ತಿಳಿದವರು ಹೇಳಿದರು.

ಇಂಥ ಪವಾಡಕ್ಕೆ ಮರುಳಾದವಳು ನಾನೊಬ್ಬಳೇ ಅಲ್ಲ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಡಾ. ಫಿಲಿಪ್ ಹೆಂಚ್ ಮತ್ತು ಸಂಗಡಿಗರು, ಸಂಧಿವಾತದಿಂದ ನಡೆಯಲಾರದೆ ಇದ್ದ ಹೆಣ್ಣುಮಗಳೊಬ್ಬಳಿಗೆ ಕಾರ್ಟಿಸೋನ್ ಕೊಟ್ಟರು. ಕೆಲವೇ ದಿನಗಳಲ್ಲಿ ಅವಳು ಎದ್ದು ಓಡಾಡಿದಳು. 1950ರಲ್ಲಿ ಹೆಂಚ್ ಅವರಿಗೆ ನೊಬೆಲ್ ಬಹುಮಾನವೂ ಬಂತು. ಆದರೆ ಹೆಚ್ಚು ದಿನ ಕೊಟ್ಟಾಗ ಅದರ ಕೆಡುಕುಗಳು ಒಂದೊಂದಾಗಿ ತಲೆಯೆತ್ತಿದವು. ಇಂದಿಗೂ ಅದು ಬೇಕಾದ ಔಷಧಿಯೇ. ಆದರೆ ತಿಳಿದವರ ಕೈಯಲ್ಲಿ, ಅಳತೆಯಲ್ಲಿ. ಹೆಸರಿಲ್ಲದ ಪೊಟ್ಟಣದಲ್ಲಿ ಅಲ್ಲ. ಬಹಳ ದಿನ ತೆಗೆದುಕೊಂಡದ್ದನ್ನು ಥಟ್ಟನೆ ನಿಲ್ಲಿಸುವುದೂ ಅಪಾಯವೇ.

2014ರಲ್ಲಿ ತಂಗಿಯ ಒತ್ತಾಯಕ್ಕೆ ಹುಲಿಕಲ್ ಘಾಟಿ ಇಳಿದು ಕರಾವಳಿಯ ಒಂದು ದೊಡ್ಡ ಆಸ್ಪತ್ರೆಗೆ ಹೋದೆ. ಅಲ್ಲಿ ಕೀಲುರೋಗದ ತಜ್ಞೆ, ನನ್ನ ಮಗಳಿಗಿಂತ ಹತ್ತು ವರ್ಷ ದೊಡ್ಡವಳಿದ್ದಾಳು. ನನ್ನ ಕಾಗದಗಳನ್ನು ಪಕ್ಕಕ್ಕಿಟ್ಟು ಮೊದಲು ಕೈ ಹಿಡಿದು ನೋಡಿದಳು. ಒಂದೊಂದೇ ಗೆಣ್ಣನ್ನು ಮೆಲ್ಲಗೆ ಒತ್ತಿದಳು. ಆಮೇಲೆ ಕೇಳಿದಳು, "ಬೆಳಿಗ್ಗೆ ಎದ್ದ ಮೇಲೆ ಬೆರಳು ಸಡಿಲಾಗೋದಕ್ಕೆ ಎಷ್ಟು ಹೊತ್ತು ಬೇಕಮ್ಮಾ?"

"ಸ್ವಲ್ಪ ಹೊತ್ತು" ಎಂದೆ.

"ಸ್ವಲ್ಪ ಅಂದ್ರೆ? ನೀವು ಏಳೋದು ಎಷ್ಟು ಗಂಟೆಗೆ? ಕಾಫಿ ಲೋಟವನ್ನ ಒಂದೇ ಕೈಯಲ್ಲಿ ಹಿಡಿಯೋಕಾಗೋದು ಎಷ್ಟು ಗಂಟೆಗೆ?"

ಲೆಕ್ಕ ಹಾಕಿದೆ. ಐದೂವರೆಗೆ ಏಳುತ್ತೇನೆ. ಲೋಟ ಒಂದೇ ಕೈಗೆ ಬರುವಾಗ ಏಳೂವರೆ. ಎರಡು ಗಂಟೆ! ಮೂರು ವರ್ಷ ದಿನವೂ ಎರಡು ಗಂಟೆಯ ನೋವನ್ನು ನಾನು 'ಸ್ವಲ್ಪ' ಎಂದು ಕರೆದಿದ್ದೆ. ಆ ಹುಡುಗಿಯ ಮುಂದೆ ಗಳಗಳನೆ ಅತ್ತುಬಿಟ್ಟೆ. ಅವಳು ಗಡಿಯಾರ ನೋಡಲಿಲ್ಲ.

ನನ್ನದು ರುಮಟಾಯ್ಡ್ ಆರ್ಥ್ರೈಟಿಸ್. ನಮ್ಮನ್ನು ಕಾಯಬೇಕಾದ ದೇಹದ ರಕ್ಷಣಾಶಕ್ತಿಯೇ ದಾರಿತಪ್ಪಿ ಕೀಲಿನ ಒಳಪೊರೆಯ ಮೇಲೆ ಬೀಳುವ ರೋಗ. ಗಂಡಸರಿಗಿಂತ ಹೆಂಗಸರಲ್ಲಿ 2-3 ಪಟ್ಟು ಹೆಚ್ಚು. ವಯಸ್ಸಿಗೆ ಸವೆಯುವ ಮಂಡಿಯ ನೋವು ಕೆಲಸ ಮಾಡಿದಷ್ಟೂ ಹೆಚ್ಚುತ್ತದೆ. ಇದು ಹಾಗಲ್ಲ, ಬೆಳಿಗ್ಗೆ ಬಿಗಿದು ಕೈಯಾಡಿಸಿದಂತೆ ಸಡಿಲಾಗುತ್ತದೆ. ಈ ರೋಗವಿರುವ 5 ಜನರಲ್ಲಿ ಸುಮಾರು ಒಬ್ಬರಿಗೆ ಆ ಹಳೆಯ ರಕ್ತ ಪರೀಕ್ಷೆಯಲ್ಲಿ ಏನೂ ಕಾಣದು; ಆ ಒಬ್ಬಳು ನಾನಾಗಿದ್ದೆ. "ಪೂರ್ತಿ ವಾಸಿ ಮಾಡ್ತೀನಿ ಅಂತ ಹೇಳಲ್ಲ. ಹಿಡಿತದಲ್ಲಿ ಇಡಬಹುದು. ತಡಮಾಡಿದಷ್ಟೂ ಮೂಳೆ ಸವೆಯುತ್ತೆ, ಸವೆದದ್ದು ವಾಪಸ್ಸು ಬರಲ್ಲ" ಎಂದಳು. ಮೆಥೊಟ್ರೆಕ್ಸೇಟ್ ಮಾತ್ರೆ ಬರೆದು, "ಇದು ವಾರಕ್ಕೆ ಒಂದೇ ದಿನ. ಮರೆತು ದಿನಾ ತಗೊಂಡ್ರೆ ಪ್ರಾಣಕ್ಕೇ ಅಪಾಯ" ಎಂದು ಮೂರು ಸಲ ಹೇಳಿ, ನನ್ನ ಬಾಯಲ್ಲೇ 'ಭಾನುವಾರ' ಎಂದು ಹೇಳಿಸಿದಳು. ಗುಣ ಕಾಣಲು ವಾರಗಳೇ ಬೇಕು, ಆಗಾಗ ರಕ್ತ ಪರೀಕ್ಷೆ ಆಗಲೇಬೇಕು ಎಂಬುದನ್ನೂ ಮುಚ್ಚಿಡಲಿಲ್ಲ.

ಒಳ್ಳೆಯ ವೈದ್ಯರು ಸಿಗುವುದು ಪುಣ್ಯ ಎನ್ನುತ್ತೇವೆ. ಇರಬಹುದು. ಆದರೆ ಮೊದಲಿನವರನ್ನು ಬೈದುಕೊಳ್ಳುತ್ತ ಬಸ್ಸಿನಲ್ಲಿ ಘಟ್ಟ ಹತ್ತುವಾಗ ನನಗೊಂದು ಪ್ರಶ್ನೆ ಎದ್ದಿತು. ಅವರು ಕೇಳಲಿಲ್ಲ, ನಿಜ. ನಾನು ಹೇಳಿದ್ದೆನೇ? 'ಹೇಗಿದ್ದೀರಿ' ಎಂದಾಗಲೆಲ್ಲ 'ಪರವಾಗಿಲ್ಲ' ಎಂದವಳು ನಾನೇ ಅಲ್ಲವೇ? ಸರಿಯಾದ ವೈದ್ಯರೆಂದರೆ ದೊಡ್ಡ ಹೆಸರಿನವರಲ್ಲ. ನಾವು ಹೇಳಿದ್ದನ್ನು ನಂಬುವವರು, ಹೇಳದ್ದನ್ನು ಕೇಳಿ ತಿಳಿಯುವವರು, ಆಗದ್ದನ್ನು ಆಗದು ಎನ್ನುವವರು. ಆದರೆ ಅಂಥವರ ಎದುರಿಗೂ ನಾವು ಬಾಯಿ ಬಿಡದಿದ್ದರೆ ಅವರಾದರೂ ಏನು ಮಾಡಿಯಾರು?

ಇಷ್ಟಾಗಿದ್ದರೆ ಈ ಕಥೆ ನನ್ನೊಬ್ಬಳದಾಗಿ ಮುಗಿಯುತ್ತಿತ್ತು. ಮನೆಗೆ ಬಂದ ಮೇಲೆ ನೆನಪಾದದ್ದು ಬೇರೊಂದು ಮಾತು. ನಮ್ಮ ಮನೆಗೆ ಪಾತ್ರೆ ಬಟ್ಟೆಗೆ ಬರುವಾಕೆ ಹಿಂದಿನ ವರ್ಷ ಹಿತ್ತಿಲ ಕಲ್ಲಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತವಳು ಏಳಲಾರದೆ, "ಅಮ್ಮಾ, ಮಂಡಿ ಹಿಡ್ಕೊಂಡ್ಬಿಡ್ತದೆ" ಎಂದಿದ್ದಳು. ನಾನು ಏನೆಂದೆ ಗೊತ್ತೇ? "ನನಗೂ ಇದೆ ಮಾರಾಯ್ತಿ. ಸಹಿಸ್ಕೊಳ್ಳೋದನ್ನ ಕಲೀಬೇಕು." ಅವಳು ಮತ್ತೆಂದೂ ಆ ಮಾತೆತ್ತಲಿಲ್ಲ. ನನ್ನನ್ನು 'ಮನಸ್ಸಿಗೆ ಹಚ್ಚಿಕೊಳ್ತೀರಿ' ಎಂದು ಕಳಿಸಿದ ವೈದ್ಯರಿಗೂ ನನಗೂ ಏನು ವ್ಯತ್ಯಾಸ? ತನ್ನ ನೋವನ್ನು ನುಂಗಿದವರಿಗೆ ಇನ್ನೊಬ್ಬರ ನೋವು ಅಹಂಕಾರದ ಹಾಗೆ ಕಾಣುತ್ತದೆ.

ಸಾಗರ ತಾಲೂಕಿನಲ್ಲೇ ಹಂದಿಗೋಡು ಎಂಬ ಹಳ್ಳಿಯಿದೆ. 1970ರ ದಶಕದ ನಡುಭಾಗದಲ್ಲಿ ಅಲ್ಲಿನ ಜನರ ಸೊಂಟ, ಮಂಡಿಯ ಕೀಲುಗಳನ್ನು ಹಿಡಿದ ರೋಗ ಲೋಕದ ಗಮನಕ್ಕೆ ಬಂತು. ಹೆಚ್ಚಾಗಿ ದಲಿತ ಕೂಲಿಕಾರರ ಮನೆಗಳಲ್ಲೇ ಕಂಡ ರೋಗ. ಅದು ವಂಶದಲ್ಲಿ ಹರಿದು ಬರುವ ಮೂಳೆಯ ದೋಷವೆಂದು ಸಂಶೋಧಕರು ಹೇಳಿದರು. ಆ ಊರಿನ ಹೆಸರೇ ರೋಗದ ಹೆಸರಾಯಿತು. ಚಿಕ್ಕವಳಿದ್ದಾಗ ಸಂತೆಯಲ್ಲಿ ಸೊಂಟ ಹಿಡಿದು ಕೋಲೂರಿ ನಡೆಯುವವರನ್ನು ಕಂಡಿದ್ದೆ. ಕಂಡಿದ್ದೆ ಅಷ್ಟೆ. ಅನುಕೂಲಸ್ಥೆಯ ನೋವನ್ನು ಸಹನೆ ಎನ್ನುತ್ತಾರೆ, ಕೂಲಿಯವಳ ನೋವನ್ನು ಮೈಗಳ್ಳತನ ಎನ್ನುತ್ತಾರೆ. ಎರಡರಲ್ಲೂ ನೋವನ್ನು ಯಾರೂ ಕೇಳಿಸಿಕೊಂಡಿರುವುದಿಲ್ಲ.

ಆಕೆಯನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ತೋರಿಸಿದೆ. ಅವಳದು ಸವೆದ ಮಂಡಿ. ಕುಕ್ಕರುಗಾಲಿನಲ್ಲಿ ಕೂರಬಾರದು ಎಂದರು ಡಾಕ್ಟರು. ಅವಳು ನನ್ನ ಮುಖ ನೋಡಿದಳು. ಹನ್ನೊಂದು ವರ್ಷ ಅವಳು ಕೂತದ್ದು ನಮ್ಮ ಹಿತ್ತಿಲಲ್ಲೇ! ಆ ತಿಂಗಳೇ ನಿಂತು ತೊಳೆಯುವಷ್ಟು ಎತ್ತರಕ್ಕೆ ಕಟ್ಟೆ ಕಟ್ಟಿಸಿ ನಲ್ಲಿ ಹಾಕಿಸಿದೆವು. ಆರು ಸಾವಿರ ರೂಪಾಯಿ ಖರ್ಚಾಯಿತು. ಅವಳ ಮಂಡಿ ಪೂರ್ತಿ ಗುಣವಾಗಿಲ್ಲ. ಬೇರೆ ಮೂರು ಮನೆಗಳಲ್ಲಿ ಕಲ್ಲು ಇನ್ನೂ ನೆಲದ ಮೇಲೇ ಇದೆ.

'ಹಾಗಾದರೆ ಸಹನೆಯೇ ಬೇಡವೇ? ಹೊತ್ತಿಗೊಮ್ಮೆ ನೋವು ನೋವು ಎನ್ನುವವರ ಹತ್ತಿರ ಯಾರು ಕೂತಾರು?' ಎಂದು ನೀವು ಕೇಳಬಹುದು. ಸಹನೆ ಬೇಕು. ಔಷಧಿ ತೆಗೆದುಕೊಂಡ ಮೇಲೂ ನನಗೆ ಉಳಿದ ನೋವಿದೆ, ಅದರೊಡನೆ ಬದುಕಲು ಅದು ಬೇಕೇ ಬೇಕು. ಆದರೆ ಸಹಿಸುವುದು ಬೇರೆ, ಮುಚ್ಚಿಡುವುದು ಬೇರೆ. ಹೇಳಬೇಕಾದವರಿಗೆ ಒಮ್ಮೆ ನೆಟ್ಟಗೆ, ಇದ್ದಷ್ಟನ್ನೇ ಹೇಳಿ, ಮಾಡಬೇಕಾದ್ದನ್ನು ಮಾಡಿ, ಆಮೇಲೂ ಉಳಿದದ್ದನ್ನು ಹೊರುವುದು ಸಹನೆ. ಹೇಳದೆ ಇದ್ದು, 'ಯಾರೂ ಕೇಳಲಿಲ್ಲ' ಎಂದು ಒಳಗೇ ಕುದಿಯುವುದು ಸಹನೆಯ ಸೀರೆ ಉಟ್ಟ ಮುನಿಸು.

ಈಗ ಬೆಂಗಳೂರಿನಿಂದ ಮಗಳು ಫೋನು ಮಾಡಿ, "ಹೇಗಿದ್ದೀಯಮ್ಮಾ?" ಎಂದರೆ, "ಇವತ್ತು ಬೆರಳು ಬಿಡೋಕೆ ಇಪ್ಪತ್ತು ನಿಮಿಷ ಹಿಡೀತು" ಎನ್ನುತ್ತೇನೆ. ಅವಳು ಗಾಬರಿಯಾಗುವುದಿಲ್ಲ, ಲೆಕ್ಕ ಇಟ್ಟುಕೊಳ್ಳುತ್ತಾಳೆ.

ಒಂದು ಬೆಳಿಗ್ಗೆ ಬಚ್ಚಲೊಲೆಯ ಮುಂದೆ ಕೂತು ಬಿಸಿನೀರಿನಲ್ಲಿ ಕೈಯದ್ದಿಕೊಂಡಿದ್ದೆ. ಬಿಸಿಗೆ ಬೆರಳು ಬೇಗ ಸಡಿಲಾಗುತ್ತದೆ. ಆಗ ಥಟ್ಟನೆ ಅಮ್ಮ ಕಣ್ಣ ಮುಂದೆ ಬಂದಳು. ಅವಳೂ ಹೀಗೇ, ಕತ್ತಲಲ್ಲಿ, ಹಂಡೆಯ ಪಕ್ಕ, ನೀರಿನಲ್ಲಿ ಕೈಯದ್ದಿ ಕೂತಿರುತ್ತಿದ್ದಳು. ನಾವು ಏಳುವ ಹೊತ್ತಿಗೆ ಅವಳ ಬೆರಳುಗಳು ಕೆಲಸಕ್ಕೆ ಬರಬೇಕಿತ್ತು. ಅದಕ್ಕೇ ನಾಲ್ಕು ಗಂಟೆ! ಅದನ್ನೇ ನಾವು ಹದಿಮೂರನೆಯ ದಿನ ಶಿಸ್ತು ಎಂದು ಹೊಗಳಿದೆವು.

ಅಮ್ಮ ಅಯ್ಯೋ ಎಂದವಳಲ್ಲ, ನಿಜ. ಎಷ್ಟು ಹೊತ್ತು ಬೇಕಮ್ಮಾ ಎಂದು ನಾನೂ ಕೇಳಿದವಳಲ್ಲ.